ನಡುದಾರಿಯಲ್ಲಿ ಲೇಖನಿ ಹಿಡಿದವರು

ಒಂದು ಕಥೆಯನ್ನು ಹುಟ್ಟಿಸಿದವರಿಗೆ ದೊರೆಯುವ ಕೀರ್ತಿ, ಅದನ್ನು ನಡುದಾರಿಯಲ್ಲಿ ಹೆಗಲಿಗೇರಿಸಿಕೊಂಡು ಮುಂದೆ ನಡೆಸಿದವರಿಗೆ ದೊರೆಯುವುದಿಲ್ಲ. ಇದು ಇಂದು ನಿನ್ನೆಯ ಮಾತಲ್ಲ. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿಯು ಉಳಿದ ಪರ್ವಗಳನ್ನು ಬರೆದು ಪೂರ್ತಿಗೊಳಿಸಿದನು. ಗದುಗಿನ ಭಾರತವನ್ನು ಗಮಕಿಗಳು ಇಂದಿಗೂ ಹಾಡುತ್ತಾರೆ. ತಿಮ್ಮಣ್ಣನಾದರೋ ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿ ಉಳಿದಿದ್ದಾನೆ. ಜಿನಸೇನಾಚಾರ್ಯರು ಅರ್ಧಕ್ಕೆ ಬಿಟ್ಟು ತೀರಿಕೊಂಡ ಮಹಾಪುರಾಣವನ್ನು ಶಿಷ್ಯ ಗುಣಭದ್ರರು ಮುಗಿಸಿದರು. ಬಾಣನ ಕಾದಂಬರಿಯನ್ನು ಅವನ ಮಗ ಮುಗಿಸಿದನು. ಆ ಮಗನ ಹೆಸರೇನೆಂಬುದರಲ್ಲಿಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಪ್ಪನ ಕಾವ್ಯವನ್ನು ಉಳಿಸಿದ ಮಗನಿಗೆ ಲೋಕವು ಕೊಟ್ಟ ಮರ್ಯಾದೆ ಇಷ್ಟು.

ಈ ಹಿರಿಯರ ಪ್ರಸ್ತಾಪದಿಂದ ನಾನು ಹೊರಟಿರುವುದು ಕಾಮಿಕ್ಸ್ ಎಂಬ, ನಮ್ಮಲ್ಲಿ ಅನೇಕರು ಇನ್ನೂ ಮಕ್ಕಳಾಟವೆಂದು ತಿಳಿದಿರುವ ಪ್ರಕಾರದ ಕಡೆಗೆ. ಹುಬ್ಬೇರಿಸುವ ಓದುಗರು ಸ್ವಲ್ಪ ತಾಳ್ಮೆ ವಹಿಸಬೇಕು. ಬೇರೊಬ್ಬರ ಕಥೆಯನ್ನು ಮುಂದುವರಿಸುವ ಕೆಲಸವು ನಮ್ಮ ಕಾಲದಲ್ಲಿ ಅತ್ಯಂತ ಹೆಚ್ಚಾಗಿ, ಅತ್ಯಂತ ಅವಸರದಲ್ಲಿ, ಅತ್ಯಂತ ಕಡಿಮೆ ಸಹಾಯದೊಡನೆ ನಡೆದಿರುವುದು ಈ ಪ್ರಕಾರದಲ್ಲಿಯೇ. ತಿಮ್ಮಣ್ಣನಿಗೆ ವ್ಯಾಸಭಾರತವಿತ್ತು; ಪಾಂಡವರು ಕೊನೆಗೆ ಎಲ್ಲಿಗೆ ಹೋಗುತ್ತಾರೆಂಬುದು ಅವನಿಗೂ ಗೊತ್ತಿತ್ತು, ಕೇಳುವವರಿಗೂ ಗೊತ್ತಿತ್ತು. ಕಾಮಿಕ್ಸ್ ಮಾಲಿಕೆಯೊಂದನ್ನು ನಡುವಿನಲ್ಲಿ ಕೈಗೆತ್ತಿಕೊಂಡವರಿಗೆ ಅಂತಹ ಮೂಲವಿಲ್ಲ. ಹಿಂದಿನ ಲೇಖಕರು ಈ ಪಾತ್ರವನ್ನು ಎಲ್ಲಿಗೆ ಕೊಂಡೊಯ್ಯಬೇಕೆಂದಿದ್ದರು, ಮೂರು ಸಂಚಿಕೆಗಳ ಹಿಂದೆ ಬಾಗಿಲ ಮರೆಯಲ್ಲಿ ನಿಂತಿದ್ದ ಅಪರಿಚಿತನು ಯಾರು ಎಂಬುದೆಲ್ಲ ಬಿಟ್ಟುಹೋದವರ ತಲೆಯಲ್ಲಿಯೇ ಉಳಿದಿರುತ್ತದೆ. ಆದರೆ ಮುದ್ರಣಾಲಯವು ಕಾಯುವುದಿಲ್ಲ. ಬರೆದದ್ದನ್ನು ಒಬ್ಬರು ಪೆನ್ಸಿಲಿನಲ್ಲಿ ಚಿತ್ರಿಸಬೇಕು, ಇನ್ನೊಬ್ಬರು ಶಾಯಿ ತುಂಬಬೇಕು, ಮತ್ತೊಬ್ಬರು ಅಕ್ಷರ ಬರೆಯಬೇಕು, ಬಣ್ಣ ಹಾಕಬೇಕು. ಲೇಖಕರು ಒಂದು ವಾರ ತಡಮಾಡಿದರೆ ಸಾಲಿನಲ್ಲಿರುವ ಅಷ್ಟೂ ಜನ ಕೈಕಟ್ಟಿ ಕುಳಿತುಕೊಳ್ಳುತ್ತಾರೆ.

ನಮ್ಮವರಿಗೆ ಚಿರಪರಿಚಿತನಾದ ಫ್ಯಾಂಟಮ್‌ನನ್ನೇ ತೆಗೆದುಕೊಳ್ಳೋಣ. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯು 1964ರಲ್ಲಿ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿಯೂ ಬಂದಿತು. ಸಮಾಜ ವಿಜ್ಞಾನದ ಪುಸ್ತಕದೊಳಗೆ ಅದನ್ನು ಅಡಗಿಸಿಟ್ಟು ಓದುತ್ತಿದ್ದ ಹುಡುಗರನ್ನು ನಾನು ಎಷ್ಟೋ ಸಲ ಹಿಡಿದಿದ್ದೇನೆ. (ವಶಪಡಿಸಿಕೊಂಡ ಪ್ರತಿಗಳು ಶಿಕ್ಷಕರ ಕೊಠಡಿಯಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವೆಂಬುದನ್ನು ಆ ಹುಡುಗರು ಈಗ ತಿಳಿದರೆ ಹಾನಿಯಿಲ್ಲ.) ಫ್ಯಾಂಟಮ್‌ನ ಕಥೆಯು ಮೂಲತಃ ಉತ್ತರಾಧಿಕಾರದ ಕಥೆ. 1536ರಲ್ಲಿ ಕಡಲುಗಳ್ಳರ ಕೈಯಿಂದ ಪಾರಾಗಿ ದಡ ಸೇರಿದ ಒಬ್ಬನು ತನ್ನ ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಪ್ರತಿಜ್ಞೆ ಮಾಡುತ್ತಾನೆ. ಅಪ್ಪನ ನಂತರ ಮಗ, ಮಗನ ನಂತರ ಮೊಮ್ಮಗ ಅದೇ ಮುಖವಾಡವನ್ನು ಧರಿಸುತ್ತ ಬರುತ್ತಾರೆ. ಕಾಡಿನ ಜನರು ಮಾತ್ರ ಅವನೊಬ್ಬನೇ ಸಾವಿಲ್ಲದೆ ನಾನೂರು ವರ್ಷ ಬದುಕಿದ್ದಾನೆಂದು ನಂಬುತ್ತಾರೆ. ನಾವು ಓದುತ್ತಿದ್ದವನು ಇಪ್ಪತ್ತೊಂದನೆಯವನು. ಅವನ ತಲೆಬುರುಡೆಯ ಗುಹೆಯಲ್ಲಿ ಒಂದು ಗ್ರಂಥಭಂಡಾರವಿದೆ. ಪ್ರತಿಯೊಬ್ಬ ಫ್ಯಾಂಟಮ್ ತನ್ನ ಅನುಭವಗಳನ್ನೆಲ್ಲ ದಪ್ಪ ದಪ್ಪ ಹೊತ್ತಗೆಗಳಲ್ಲಿ ಬರೆದಿಟ್ಟಿದ್ದಾನೆ. ಮುಖವಾಡ ಧರಿಸುವ ಹೊಸಬನು ಕಪಾಟಿನಿಂದ ಒಂದು ಸಂಪುಟವನ್ನು ತೆಗೆದರಾಯಿತು, ಅಜ್ಜ ಮುತ್ತಜ್ಜಂದಿರು ಇಂತಹ ಸಂಕಟದಲ್ಲಿ ಏನು ಮಾಡಿದರೆಂಬುದು ತಿಳಿಯುತ್ತದೆ.

ಇಷ್ಟು ಅಚ್ಚುಕಟ್ಟಾದ ಹಸ್ತಾಂತರವನ್ನು ಕಲ್ಪಿಸಿದ ಲೀ ಫಾಕ್ ಅವರ ಕೆಲಸ ಸ್ವತಃ ಹೇಗೆ ಹಸ್ತಾಂತರವಾಯಿತು? ಅವರು 1934ರಲ್ಲಿ ಮ್ಯಾಂಡ್ರೇಕ್‌ನನ್ನೂ 1936ರ ಫೆಬ್ರವರಿಯಲ್ಲಿ ಫ್ಯಾಂಟಮ್‌ನನ್ನೂ ಹುಟ್ಟಿಸಿ, 1999ರ ಮಾರ್ಚ್ 13ರಂದು ತೀರಿಕೊಳ್ಳುವವರೆಗೆ ಎರಡನ್ನೂ ಬಿಡಲಿಲ್ಲ. ಕೊನೆಯ ದಿನಗಳಲ್ಲಿ ಆಮ್ಲಜನಕದ ಮುಖಕವಚವನ್ನು ಬದಿಗೆ ಸರಿಸಿ ಕಥೆಯನ್ನು ಹೇಳಿ ಬರೆಸುತ್ತಿದ್ದರೆಂದು ಹೇಳುತ್ತಾರೆ. ಅರ್ಧದಲ್ಲಿ ನಿಂತ ಕೊನೆಯ ಫ್ಯಾಂಟಮ್ ಕಥೆಗಳನ್ನು ಅವರ ಪತ್ನಿ ಎಲಿಜಬೆತ್ ಮುಗಿಸಿಕೊಟ್ಟರು. ಅನಂತರ ಫ್ಯಾಂಟಮ್ ಟೋನಿ ಡಿಪಾಲ್ ಮತ್ತು ಕ್ಲೇಸ್ ರೈಮರ್ಟಿ ಅವರ ಪಾಲಿಗೆ ಬಂದಿತು. ಇವರಿಬ್ಬರೂ ಸ್ವೀಡನ್ನಿನ ಫ್ಯಾಂಟಮ್ ಪತ್ರಿಕೆಗೆ ಮೊದಲೇ ಕಥೆ ಬರೆದು ಪಳಗಿದವರಾಗಿದ್ದುದು ಓದುಗರ ಭಾಗ್ಯ. ಮ್ಯಾಂಡ್ರೇಕ್‌ನ ವಿಷಯದಲ್ಲಿ ಚಿತ್ರಕಾರ ಫ್ರೆಡ್ ಫ್ರೆಡರಿಕ್ಸ್ ಅವರೇ ಲೇಖಕರೂ ಆದರು. 1965ರಿಂದ ಬೇರೊಬ್ಬರು ಬರೆದುಕೊಟ್ಟದ್ದನ್ನು ಚಿತ್ರಿಸುತ್ತಿದ್ದವರು, ಎಪ್ಪತ್ತರ ಗಡಿಯಲ್ಲಿ, ತಮಗೆ ತಾವೇ ಬರೆದುಕೊಳ್ಳಬೇಕಾಗಿ ಬಂದಿತು. 2013ರಲ್ಲಿ ನಿವೃತ್ತರಾಗುವವರೆಗೆ ಆ ಎರಡು ನೊಗಗಳನ್ನೂ ಅವರು ಎಳೆದರು.

ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಮೂಲಕರ್ತೃವಿಗೆ ಎಲ್ಲವೂ ಸ್ಪಷ್ಟವಾಗಿತ್ತು, ಬಂದ ಹೊಸಬರು ಕೆಡಿಸಿದರು ಎಂಬ ದೂರು ಸಾಮಾನ್ಯ. ಆದರೆ ಫಾಕ್ ಅವರು ಫ್ಯಾಂಟಮ್‌ನ ಮೊದಲ ಕಥೆಯನ್ನು ಆರಂಭಿಸಿದಾಗ, ನ್ಯೂಯಾರ್ಕಿನ ಜಿಮ್ಮಿ ವೆಲ್ಸ್ ಎಂಬ ಸಿರಿವಂತ ಯುವಕನೇ ಮುಖವಾಡದ ಹಿಂದಿರುವವನೆಂಬ ಯೋಚನೆಯಲ್ಲಿದ್ದರು. ಕಥೆ ಮುಗಿಯುವ ಮೊದಲೇ ಮನಸ್ಸು ಬದಲಾಯಿಸಿ ಕಾಡು, ಗುಹೆ, ಪ್ರತಿಜ್ಞೆಗಳನ್ನು ತಂದರು. ಜಿಮ್ಮಿ ವೆಲ್ಸ್ ಏನಾದನೆಂದು ಹೇಳುವ ಗೋಜಿಗೇ ಹೋಗಲಿಲ್ಲ. ಇದನ್ನೇ ಎರಡನೆಯ ಲೇಖಕರೊಬ್ಬರು ಮಾಡಿದ್ದರೆ ಓದುಗರು ಸುಮ್ಮನಿರುತ್ತಿದ್ದರೆ?

ಈಗ ನನ್ನ ವಾದದ ತಿರುಳಿಗೆ ಬರುತ್ತೇನೆ. ಸೂಚನೆಗಳನ್ನು ಕೊಡದೆ ಕೆಲಸ ವಹಿಸುವುದು ಎಲ್ಲ ಸಂದರ್ಭಗಳಲ್ಲಿಯೂ ಒಂದೇ ಅಲ್ಲ. ಅದು ಉಪೇಕ್ಷೆಯೂ ಆಗಬಹುದು, ವಿಶ್ವಾಸವೂ ಆಗಬಹುದು. ಹೊರಗಿನಿಂದ ನೋಡುವವರಿಗೆ ಇವೆರಡೂ ಒಂದೇ ತೆರನಾಗಿ ಕಾಣುತ್ತವೆ. ಶಾಲೆಗಳಲ್ಲಿ ವರ್ಷದ ನಡುವೆ ವರ್ಗಾವಣೆಯಾದಾಗ ಇದನ್ನು ನಾನು ಹತ್ತಾರು ಬಾರಿ ಕಂಡಿದ್ದೇನೆ. ಹೋದ ಮೇಷ್ಟ್ರು ಬೀರುವಿನಲ್ಲಿ ಪಾಠ ಟಿಪ್ಪಣಿಯ ಪುಸ್ತಕವನ್ನು ಬಿಟ್ಟಿರುತ್ತಾರೆ. ಯಾವ ಪಾಠ ಎಲ್ಲಿಯವರೆಗೆ ಆಯಿತೆಂಬುದು ಅದರಲ್ಲಿದೆ. ಯಾವ ಹುಡುಗ ಮನೆಯಲ್ಲಿ ಉಂಡು ಬರುವುದಿಲ್ಲ, ಯಾವ ಹುಡುಗಿಯನ್ನು ಎದ್ದು ಓದೆಂದರೆ ಅಳುತ್ತಾಳೆ ಎಂಬುದು ಅದರಲ್ಲಿಲ್ಲ. ಅದನ್ನು ಹೊಸಬರು ಕಣ್ಣಿಟ್ಟು ನೋಡಿಯೇ ತಿಳಿಯಬೇಕು. ನೋಡುವುದಕ್ಕೆ ಮುಖ್ಯೋಪಾಧ್ಯಾಯರು ಅವಕಾಶ ಕೊಡುತ್ತಾರೆಯೇ, ಮರುದಿನವೇ ಪರೀಕ್ಷೆಯ ಫಲಿತಾಂಶವನ್ನು ಕೇಳುತ್ತಾರೆಯೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಕಾಮಿಕ್ಸ್ ಲೋಕದಲ್ಲಿ ಆ ಬಗೆಯ ಮುಖ್ಯೋಪಾಧ್ಯಾಯರೊಬ್ಬರಿದ್ದರು. ಅವರ ಹೆಸರು ಲೆನ್ ವೀನ್. ಮಾರ್ವೆಲ್ ಸಂಸ್ಥೆಯ ಎಕ್ಸ್-ಮೆನ್ ಮಾಲಿಕೆಯಲ್ಲಿ 1970ರಿಂದ ಹೊಸ ಕಥೆಗಳೇ ಇರಲಿಲ್ಲ, ಹಳೆಯವನ್ನೇ ಮರುಮುದ್ರಿಸುತ್ತಿದ್ದರು. 1975ರಲ್ಲಿ ವೀನ್ ಅವರು ಚಿತ್ರಕಾರ ಡೇವ್ ಕಾಕ್ರಮ್ ಅವರೊಡನೆ ಸೇರಿ ಹೊಸ ಪಾತ್ರಗಳನ್ನು ಕಟ್ಟಿ ಅದಕ್ಕೆ ಜೀವ ತುಂಬಿದರು. ಆದರೆ ಸಂಪಾದಕತ್ವದ ಹೊರೆಯಿಂದಾಗಿ ಮುಂದುವರಿಸಲಾಗದೆ ಕ್ರಿಸ್ ಕ್ಲೇರ್‌ಮಾಂಟ್ ಎಂಬ ಇಪ್ಪತ್ತೈದು ತುಂಬದ ಯುವಕನಿಗೆ ಒಪ್ಪಿಸಿಬಿಟ್ಟರು. ಮೊದಲ ಎರಡು ಸಂಚಿಕೆಗಳ ಕಥಾಹಂದರವಷ್ಟೇ ವೀನ್ ಅವರದು. ಅದರಾಚೆಗೆ ಬಯಲು. ಎರಡು ತಿಂಗಳಿಗೊಮ್ಮೆ ಬರುತ್ತಿದ್ದ, ಯಾರೂ ದೊಡ್ಡದಾಗಿ ಲೆಕ್ಕಕ್ಕಿಡದ ಪತ್ರಿಕೆ ಅದು. ಕ್ಲೇರ್‌ಮಾಂಟ್ ಅದನ್ನು 1991ರವರೆಗೆ, ಹದಿನಾರು ವರ್ಷ ಬರೆದರು. ಇಂದು ಜಗತ್ತು ಎಕ್ಸ್-ಮೆನ್ ಎಂದು ಗುರುತಿಸುವುದರ ಬಹುಭಾಗ ಆ ಹದಿನಾರು ವರ್ಷಗಳ ದುಡಿಮೆ. ಕೊನೆಗೆ ಸಂಪಾದಕರೊಂದಿಗೆ ಭಿನ್ನಾಭಿಪ್ರಾಯ ಬಂದು ಅವರೇ ಹೊರನಡೆಯಬೇಕಾಯಿತು. ಪಾತ್ರಗಳ ಒಡೆತನ ಸಂಸ್ಥೆಯದು. ಹದಿನಾರು ವರ್ಷವಾದರೂ ಅಷ್ಟೆ, ಹದಿನಾರು ದಿನವಾದರೂ ಅಷ್ಟೆ.

ಎರಡನೆಯ ಪ್ರಕರಣವು ಇನ್ನೂ ರೋಚಕ. ವೀನ್ ಅವರು ಬರ್ನಿ ರೈಟ್‌ಸನ್ ಎಂಬ ಚಿತ್ರಕಾರರ ಜೊತೆಗೂಡಿ 1971ರಲ್ಲಿ ಡಿಸಿ ಸಂಸ್ಥೆಗೆ ಸ್ವಾಂಪ್ ಥಿಂಗ್ ಎಂಬ ಪಾತ್ರವನ್ನು ಸೃಷ್ಟಿಸಿದ್ದರು. ಅಲೆಕ್ ಹಾಲೆಂಡ್ ಎಂಬ ವಿಜ್ಞಾನಿ ಬೆಂಕಿಗೆ ಸಿಕ್ಕಿ, ರಾಸಾಯನಿಕದೊಂದಿಗೆ ಜೌಗಿಗೆ ಬಿದ್ದು, ಪಾಚಿ ಬಳ್ಳಿಗಳ ದೈತ್ಯನಾಗಿ ಏಳುವ ಕಥೆ. ಎಂಬತ್ತರ ದಶಕದ ಆದಿಯಲ್ಲಿ ಇದರ ಎರಡನೆಯ ಮಾಲಿಕೆ ಆರಂಭವಾಯಿತಾದರೂ ಮಾರಾಟ ಕುಸಿಯಿತು. ಲೇಖಕ ಮಾರ್ಟಿನ್ ಪಾಸ್ಕೋ ಹತ್ತೊಂಬತ್ತನೆಯ ಸಂಚಿಕೆಯ ನಂತರ ಬಿಟ್ಟುಹೋದರು. ಆಗ ಸಂಪಾದಕರಾಗಿದ್ದ ವೀನ್, ತಾವೇ ಹುಟ್ಟಿಸಿದ ಪಾತ್ರವನ್ನು ಮುಂದುವರಿಸಲು ಇಂಗ್ಲೆಂಡಿನ ನಾರ್ಥಾಂಪ್ಟನ್ ಊರಿನಲ್ಲಿದ್ದ ಅಲನ್ ಮೂರ್ ಎಂಬವರಿಗೆ ದೂರವಾಣಿ ಕರೆ ಮಾಡಿದರು. ಯಾರೋ ಗೆಳೆಯರು ತಮಾಷೆ ಮಾಡುತ್ತಿದ್ದಾರೆಂದೇ ಮೂರ್ ಮೊದಲು ಭಾವಿಸಿದರಂತೆ.

ಮೂರ್ ಅವರಿಗೆ ಇಂತಹ ಕೆಲಸದ ರುಚಿ ಅದಾಗಲೇ ಒಮ್ಮೆ ಹತ್ತಿತ್ತು. 1982ರಲ್ಲಿ ಬ್ರಿಟನ್ನಿನ ಮಾರ್ವೆಲ್ ಶಾಖೆಯ ಕ್ಯಾಪ್ಟನ್ ಬ್ರಿಟನ್ ಕಥೆಯನ್ನು ಬರೆಯುತ್ತಿದ್ದ ಡೇವ್ ಥಾರ್ಪ್, ಉತ್ತರ ಐರ್ಲೆಂಡಿನ ರಾಜಕೀಯವನ್ನು ಕಥೆಯೊಳಗೆ ತರುವ ವಿಷಯದಲ್ಲಿ ಒಮ್ಮತ ಮೂಡದೆ ನಿರ್ಗಮಿಸಿದ್ದರು. ನಾಯಕನು ಯಾವುದೋ ಸಮಾಂತರ ಲೋಕದಲ್ಲಿ ಸಿಕ್ಕಿಕೊಂಡಿದ್ದಾನೆ, ಕಥೆ ಅರ್ಧದಲ್ಲಿದೆ, ಮುಂದೇನೆಂಬ ನಕಾಶೆಯಿಲ್ಲ. ಮೂರ್ ಮಾಡಿದ್ದೇನು? ಕೆಲವೇ ಕಂತುಗಳಲ್ಲಿ ನಾಯಕನ ಸಹಚರನನ್ನೂ, ಹಿಂದೆಯೇ ನಾಯಕನನ್ನೂ ಕೊಲ್ಲಿಸಿದರು. ಆಮೇಲೆ ಮಾಂತ್ರಿಕ ಮೆರ್ಲಿನ್‌ನ ಕೈಯಿಂದ ನಾಯಕನನ್ನು ಎಲುಬು ಎಲುಬಾಗಿ ಪುನಃ ಕಟ್ಟಿಸಿದರು. ಇದು ಸ್ವಲ್ಪ ಒರಟು ವಿಧಾನವೆಂದೇ ನನ್ನ ಅಭಿಪ್ರಾಯ. ಬಾಡಿಗೆ ಮನೆಗೆ ಬಂದ ದಿನವೇ ಗೋಡೆ ಒಡೆಸಿದಂತೆ.

ಸ್ವಾಂಪ್ ಥಿಂಗ್‌ನಲ್ಲಿ ಅವರ ಕೈ ಪಳಗಿತ್ತು. 1984ರ ಜನವರಿಯ ದಿನಾಂಕ ಹೊತ್ತ ಇಪ್ಪತ್ತನೆಯ ಸಂಚಿಕೆ ಅವರ ಮೊದಲನೆಯದು. ಅದರಲ್ಲಿ ಅವರು ಹೊಸದಾಗಿ ಏನನ್ನೂ ಘೋಷಿಸಲಿಲ್ಲ. ಪಾಸ್ಕೋ ಬಿಟ್ಟುಹೋದ ಸಡಿಲ ಎಳೆಗಳನ್ನು ಒಂದೊಂದಾಗಿ ಹಿಡಿದು ಗಂಟುಹಾಕಿದರು. ಕೊನೆಯಲ್ಲಿ ಸೈನಿಕರ ಗುಂಡಿಗೆ ದೈತ್ಯನು ಉರುಳುತ್ತಾನೆ. ಮರುತಿಂಗಳ ಸಂಚಿಕೆಯಲ್ಲಿ ಸಸ್ಯವಿಜ್ಞಾನಿಯೊಬ್ಬನು ಆ ಹೆಪ್ಪುಗಟ್ಟಿದ ಶರೀರವನ್ನು ಕೊಯ್ದು ನೋಡುತ್ತಾನೆ. ಒಳಗೆ ಶ್ವಾಸಕೋಶದಂತೆ, ಹೃದಯದಂತೆ, ಮೆದುಳಿನಂತೆ ಕಾಣುವ ನಾರಿನ ಮುದ್ದೆಗಳಿವೆ. ಯಾವುದೂ ಕೆಲಸ ಮಾಡುವಂಥದಲ್ಲ. ಅಂದರೆ ಅಲೆಕ್ ಹಾಲೆಂಡ್ ಗಿಡವಾಗಿ ಮಾರ್ಪಟ್ಟಿರಲೇ ಇಲ್ಲ. ಅವನು ಅಂದೇ ಸತ್ತಿದ್ದನು. ಅವನ ನೆನಪುಗಳನ್ನು ಹೀರಿಕೊಂಡ ಜೌಗಿನ ಸಸ್ಯರಾಶಿಯು ತಾನೇ ಅವನೆಂದು ಭ್ರಮಿಸಿ, ಎಂದೂ ಇರದಿದ್ದ ಮನುಷ್ಯತ್ವವನ್ನು ಮರಳಿ ಪಡೆಯಲು ಇಷ್ಟು ವರ್ಷ ಅಲೆದಾಡುತ್ತಿತ್ತು.

ಇದರ ಜಾಣ್ಮೆಯನ್ನು ಸ್ವಲ್ಪ ನಿಂತು ನೋಡಬೇಕು. ಮಾಲಿಕೆಯ ಮೂಲದಲ್ಲಿಯೇ ಒಂದು ತೊಡಕಿತ್ತು. ನಾಯಕನ ಗುರಿ ಮತ್ತೆ ಮನುಷ್ಯನಾಗುವುದು. ಗುರಿ ಈಡೇರಿದರೆ ಮಾಲಿಕೆ ಮುಗಿಯುತ್ತದೆ. ಆದ್ದರಿಂದ ಅದು ಎಂದಿಗೂ ಈಡೇರದೆಂಬುದು ಓದುಗನಿಗೆ ಗೊತ್ತು. ಗೊತ್ತಿರುವಾಗ ಕುತೂಹಲಕ್ಕೆ ಎಡೆಯೆಲ್ಲಿ? ಮೂರ್ ಹಳೆಯ ಸಂಚಿಕೆಗಳ ಒಂದು ಘಟನೆಯನ್ನೂ ಸುಳ್ಳೆನ್ನಲಿಲ್ಲ. ಬೆಂಕಿ ಬಿದ್ದದ್ದು ನಿಜ, ಜೌಗು ನಿಜ, ಎದ್ದುಬಂದದ್ದು ನಿಜ. ಅವುಗಳ ಅರ್ಥವನ್ನು ಮಾತ್ರ ಬದಲಿಸಿದರು. ಹಿಂದಿನವರ ಬರಹವನ್ನು ಅಕ್ಷರ ಬಿಡದೆ ಓದದವರಿಗೆ ಇದು ಸಾಧ್ಯವಿಲ್ಲ. ಅವರಿಗೆ ದೊರೆತ ಮಾರ್ಗದರ್ಶನವೆಂದರೆ ಆ ಹಳೆಯ ಸಂಚಿಕೆಗಳೇ. ಇನ್ನು ವೀನ್ ಅವರ ಔದಾರ್ಯವನ್ನು ಯೋಚಿಸಿ. ತಾನು ಹೆತ್ತ ಪಾತ್ರವು ತಾನು ಹೇಳಿದ್ದಂಥದಲ್ಲವೇ ಅಲ್ಲವೆಂದು ಅಪರಿಚಿತನೊಬ್ಬನು ಬರೆದು ಕಳುಹಿಸುತ್ತಾನೆ, ಅದನ್ನು ತಡೆಯುವ ಅಧಿಕಾರ ತನ್ನ ಮೇಜಿನ ಮೇಲೆಯೇ ಇದೆ, ತಡೆಯಲಿಲ್ಲ. ಮೂರ್ ಅವರ ಪ್ರತಿಭೆಯನ್ನು ಹೊಗಳುವ ಲೇಖನಗಳು ಬೇಕಾದಷ್ಟಿವೆ. ಈ ಸುಮ್ಮನಿರುವಿಕೆಯನ್ನು ಹೊಗಳಿದವರು ಕಡಿಮೆ.

ಸೂಚನೆಯಿಲ್ಲದ ಹಸ್ತಾಂತರದ ಇನ್ನೊಂದು ಮುಖವನ್ನು ಅದೇ ಮಾಲಿಕೆ ತೋರಿಸಿತು. ಮೂರ್ ಅವರು 1987ರಲ್ಲಿ ಬಿಟ್ಟಾಗ ಚಿತ್ರಕಾರರಾಗಿದ್ದ ರಿಕ್ ವೀಚ್ ಲೇಖಕರೂ ಆದರು. ಒಳಗಿನವರು, ಎಲ್ಲ ಎಳೆಗಳನ್ನೂ ಬಲ್ಲವರು. ಅವರು ನಾಯಕನನ್ನು ಕಾಲದಲ್ಲಿ ಹಿಂದಕ್ಕೆ ಹಿಂದಕ್ಕೆ ಕಳುಹಿಸುವ ದೀರ್ಘ ಕಥೆಯೊಂದನ್ನು ಹೆಣೆದರು. ಅದರ 88ನೆಯ ಸಂಚಿಕೆಯಲ್ಲಿ ಅವನು ಯೇಸುಕ್ರಿಸ್ತನನ್ನು ಸಂಧಿಸಬೇಕಿತ್ತು. ಮೊದಲು ಒಪ್ಪಿಗೆ ಪಡೆದಿದ್ದ ಆ ಕಥೆಯನ್ನು 1989ರಲ್ಲಿ ಸಂಸ್ಥೆಯು ಕೊನೆಗಳಿಗೆಯಲ್ಲಿ ತಡೆಹಿಡಿಯಿತು. ವೀಚ್ ರಾಜೀನಾಮೆಯಿತ್ತು ಹೊರನಡೆದರು. ಮುಂದೆ ಬರೆಯಬೇಕಿದ್ದ ನೀಲ್ ಗೈಮನ್ ಮತ್ತು ಜೇಮೀ ಡೆಲಾನೋ ಅವರೂ ಅವರನ್ನು ಬೆಂಬಲಿಸಿ ಹಿಂದೆ ಸರಿದರು. ಆಗ ಆ ಖಾಲಿ ಕುರ್ಚಿಗೆ ಬಂದವರು ಡಗ್ ವೀಲರ್. ಬೇರೊಬ್ಬರು ಹೆಣೆದ ಕಾಲಪ್ರಯಾಣದ ಸಿಕ್ಕನ್ನು, ನಡುವಿನ ಒಂದು ಕಂತೇ ಇಲ್ಲದೆ, ಬಿಡಿಸಬೇಕು, ಓದುಗರು ಕೆರಳಿದ್ದಾರೆ, ಹಿಂದೆ ಮೂರ್ ಅವರ ನೆರಳು ಬೇರೆ.

ವೀಲರ್ ಅವರ ಸಂಚಿಕೆಗಳನ್ನು ಶ್ರೇಷ್ಠವೆಂದು ನಾನು ವಾದಿಸುವುದಿಲ್ಲ. ಆದರೆ ಆ ಕುರ್ಚಿಯಲ್ಲಿ ಕುಳಿತದ್ದನ್ನೇ ಅಪರಾಧವೆಂಬಂತೆ ಆಡುವವರ ಮಾತನ್ನು ನಾನು ಒಪ್ಪಲಾರೆ. ಸಿಟ್ಟು ತಿರುಗಬೇಕಾದದ್ದು ಒಪ್ಪಿದ ಕಥೆಯನ್ನು ತಡೆದವರ ಕಡೆಗೆ. ಪ್ರತಿಭಟಿಸಿ ಬಿಟ್ಟುಹೋಗುವುದು ಉದಾತ್ತವೇ ಸರಿ. ಹಾಗೆಂದು ಚಿತ್ರಕಾರರು, ಅಕ್ಷರ ಬರೆಯುವವರು, ಬಣ್ಣ ಹಾಕುವವರು ಮುಂದಿನ ತಿಂಗಳ ಕೂಲಿಯನ್ನು ಎಲ್ಲಿಂದ ತರಬೇಕು? ಯಾರಾದರೊಬ್ಬರು ಬರೆಯಲೇಬೇಕಿತ್ತು. ನಮ್ಮಲ್ಲಿ ಬಹದ್ದೂರ್ ಎಂಬ ಜೀನ್ಸ್ ಧರಿಸಿದ ನಾಯಕನನ್ನು 1976ರಲ್ಲಿ ಇಂದ್ರಜಾಲ ಕಾಮಿಕ್ಸ್‌ಗಾಗಿ ಆಬಿದ್ ಸೂರ್ತಿ ಸೃಷ್ಟಿಸಿದರು. ಅನಂತರ ಜಗಜಿತ್ ಉಪ್ಪಲ್ ಬರೆದರು. ಉಪ್ಪಲ್ ಅವರ ಹೆಸರು ಎಷ್ಟು ಜನರಿಗೆ ನೆನಪಿದೆ?

ಹಾಗಾದರೆ ಮುಂದುವರಿಸುವುದೇ ಬೇಡವೆಂದರೆ? ಬೆಲ್ಜಿಯಮ್ಮಿನ ಹೆರ್ಜೆ ಅವರ ನಿಲುವು ಅದೇ. ತಮ್ಮ ನಂತರ ಟಿನ್‌ಟಿನ್ ಕಥೆಗಳನ್ನು ಯಾರೂ ಬರೆಯಕೂಡದೆಂಬುದು ಅವರ ಇಚ್ಛೆಯಾಗಿತ್ತು. 1983ರ ಮಾರ್ಚಿನಲ್ಲಿ ಅವರು ತೀರಿಕೊಂಡಾಗ ಕೈಯಲ್ಲಿದ್ದ ಕಥೆಯು 1986ರಲ್ಲಿ ಗೀಚುಚಿತ್ರಗಳ ರೂಪದಲ್ಲಿಯೇ ಹೊರಬಂದಿತು, ಟಿನ್‌ಟಿನ್ ಸೆರೆಯಲ್ಲಿ ಸಿಕ್ಕಿರುವಂತೆಯೇ. ಪಕ್ಕದ ಫ್ರಾನ್ಸಿನಲ್ಲಿ ಆಸ್ಟೆರಿಕ್ಸ್‌ನ ಕಥೆ ಬೇರೆ ದಾರಿ ಹಿಡಿಯಿತು. ಲೇಖಕ ರೆನೆ ಗೊಸಿನಿ 1977ರ ನವೆಂಬರಿನಲ್ಲಿ, ವೈದ್ಯರಲ್ಲಿ ಹೃದಯದ ಪರೀಕ್ಷೆ ನಡೆಯುತ್ತಿರುವಾಗಲೇ, 51ನೆಯ ವಯಸ್ಸಿನಲ್ಲಿ ಕುಸಿದು ಸತ್ತರು. ಬೆಲ್ಜಿಯಮ್ ಯಾತ್ರೆಯ ಕಥೆಯನ್ನು ಅವರು ಬರೆದು ಮುಗಿಸಿದ್ದರು. ಚಿತ್ರಗಳು ಇನ್ನೂ ಬಾಕಿಯಿದ್ದವು. ಚಿತ್ರಕಾರ ಆಲ್ಬೇರ್ ಯುಡೆರ್ಝೊ ಉಳಿದ ಪುಟಗಳಲ್ಲಿ ಆಕಾಶವನ್ನು ಕಪ್ಪಾಗಿಸಿ ಮಳೆ ಸುರಿಸಿದರು. ಕಥೆಯಲ್ಲಿ ಆ ಮಳೆಗೆ ಕಾರಣವಿಲ್ಲ. 1980ರಿಂದ ತಾವೇ ಬರೆಯತೊಡಗಿದರು. ಅವರ ಬರಹದಲ್ಲಿ ಗೊಸಿನಿಯ ಶ್ಲೇಷೆ, ಚುರುಕು ಇಲ್ಲವೆಂಬುದು ನಿಜ. 2005ರ ಸಂಪುಟವಂತೂ ಅಭಿಮಾನಿಗಳನ್ನೇ ಬೇಸರಗೊಳಿಸಿತು. ಆದರೂ ಅವರು ಕೈಚೆಲ್ಲಿದ್ದರೆ 2013ರಲ್ಲಿ ಫೆರ್ರಿ ಮತ್ತು ಕಾನ್ರಾದ್ ಎಂಬ ಜೋಡಿಗೆ ಒಪ್ಪಿಸಲು ಏನೂ ಉಳಿದಿರುತ್ತಿರಲಿಲ್ಲ. ಹೆರ್ಜೆ ಅವರ ನಿರ್ಧಾರವನ್ನು ಗೌರವಿಸುತ್ತೇನೆ. ಮನಸ್ಸು ಒಲಿಯುವುದು ಮಾತ್ರ ಮಳೆಯಲ್ಲಿ ನೆನೆದ ಯುಡೆರ್ಝೊ ಅವರ ಕಡೆಗೆ.

ಲೆನ್ ವೀನ್ ಅವರ ವಿಷಯದಲ್ಲಿ ಒಂದು ಮಾತು ಬಾಕಿಯಿದೆ. ಅನೇಕ ಕೈಗಳನ್ನು ದಾಟಿಬಂದ ಸ್ವಾಂಪ್ ಥಿಂಗ್‌ನನ್ನು 2016ರಲ್ಲಿ ಅವರೇ, ಕೆಲ್ಲಿ ಜೋನ್ಸ್ ಅವರ ಚಿತ್ರಗಳೊಂದಿಗೆ, ಮತ್ತೆ ಆರು ಸಂಚಿಕೆಗಳಲ್ಲಿ ಬರೆದರು. ಮುಂದಿನ ಕಥೆಯೊಂದರ ಹಂದರವನ್ನೂ ಹಾಕಿದ್ದರು; ಜೋನ್ಸ್ ಅದನ್ನು ಚಿತ್ರಿಸಿದರು; ಪಾತ್ರಗಳ ಮಾತುಗಳನ್ನು ಬರೆಯುವ ಮೊದಲೇ, 2017ರ ಸೆಪ್ಟೆಂಬರಿನಲ್ಲಿ, ವೀನ್ ತೀರಿಕೊಂಡರು. ಪದ್ಧತಿಯಂತೆ ಮತ್ತೊಬ್ಬರನ್ನು ಕರೆದು ಮಾತು ತುಂಬಿಸಬಹುದಾಗಿತ್ತು. ಪ್ರಕಾಶಕರು ಹಾಗೆ ಮಾಡಲಿಲ್ಲ. 2018ರಲ್ಲಿ ಆ ಪುಟಗಳನ್ನು ಮಾತಿಲ್ಲದೆಯೇ ಅಚ್ಚು ಹಾಕಿ, ಕೊನೆಯಲ್ಲಿ ವೀನ್ ಅವರ ಹಂದರವನ್ನು ಇದ್ದಂತೆಯೇ ಸೇರಿಸಿದರು. ದೈತ್ಯನು ಬಾಯಿ ತೆರೆಯುತ್ತಾನೆ, ಪಕ್ಕದಲ್ಲಿ ಅಕ್ಷರವಿಲ್ಲ. ಅವನೇನು ಹೇಳಬೇಕಿತ್ತೆಂದು ತಿಳಿಯಲು ಓದುಗನು ಹಿಂದಿನ ಪುಟಗಳಿಗೆ ತಿರುವಿಹಾಕಿ ನೋಡಿಕೊಳ್ಳಬೇಕು.